ಲಕ್ಷಣವಾಕ್ಯದಿಂದ ಸಾಧನವಿವರಣೆಯವರೆಗೆ: ತಿಪಟೂರು ಸೀಮೆಯ ‘ಕೊಬ್ಬರಿ’ಯ ನಿದರ್ಶನ

ಸಾರಾಂಶ: ಕೃತಕ ಬುದ್ಧಿಮತ್ತೆಯ ಏಜೆಂಟುಗಳಿಗಾಗಿ ಬರೆಯುವ ಸಾಧನವಿವರಣೆಯನ್ನು ಈ ಲೇಖನವು ಲಕ್ಷಣರಚನೆಯ ಇತಿಹಾಸದಲ್ಲಿಟ್ಟು ನೋಡುತ್ತದೆ. ‘ಕೊಬ್ಬರಿ’ ಎಂಬ ಒಂದು ಪದದ ನೆರವಿನಿಂದ, ಇಂತಹ ವಿವರಣೆಯ ಸ್ಪಷ್ಟತೆಯು ಮುಖ್ಯವಾಗಿ ವ್ಯಾವೃತ್ತಿಯನ್ನು, ಎಂದರೆ ನೆರೆಯ ಅರ್ಥಗಳನ್ನು ಹೊರಗಿಡುವುದನ್ನು, ಅವಲಂಬಿಸಿದೆ ಎಂದು ವಾದಿಸುತ್ತೇವೆ.

ಪ್ರಮುಖ ಪದಗಳು: ಲಕ್ಷಣ, ಅತಿವ್ಯಾಪ್ತಿ, ವೃತ್ತಿಪದ, ಸಾಧನವಿವರಣೆ, ಉಂಡೆ ಕೊಬ್ಬರಿ

1. ಪೀಠಿಕೆ

2023ರ ಜೂನ್‌ನಲ್ಲಿ ಓಪನ್‌ಎಐ ಸಂಸ್ಥೆಯು ತನ್ನ ಭಾಷಾಮಾದರಿಗಳಿಗೆ ಹೊರಗಿನ ಸಾಧನಗಳನ್ನು ಕರೆಯುವ ಸೌಲಭ್ಯವನ್ನು ಒದಗಿಸಿತು. 2024ರ ನವೆಂಬರ್‌ನಲ್ಲಿ ಆಂಥ್ರೋಪಿಕ್ ಸಂಸ್ಥೆಯು ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’ ಎಂಬ ಮುಕ್ತ ಮಾನಕವನ್ನು ಪ್ರಕಟಿಸಿತು. ಇಂತಹ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಸಾಧನದ ಒಳಗಿನ ಕ್ರಮವಿಧಿಯು ಮಾದರಿಗೆ ಕಾಣಿಸುವುದಿಲ್ಲ. ಅದಕ್ಕೆ ದೊರೆಯುವುದು ಸಾಧನದ ಹೆಸರು, ನಿವೇಶಗಳ ಪಟ್ಟಿ ಮತ್ತು ಸಹಜಭಾಷೆಯ ಕೆಲವು ವಾಕ್ಯಗಳು. ಯಾವ ಸಾಧನವನ್ನು ಯಾವಾಗ ಕರೆಯಬೇಕೆಂಬ ನಿರ್ಣಯಕ್ಕೆ ಈ ವಾಕ್ಯಗಳೇ ಆಧಾರ. ಆದ್ದರಿಂದ ಇದನ್ನು ತಂತ್ರಜ್ಞರ ಟಿಪ್ಪಣಿಯೆಂದು ಬದಿಗಿಡದೆ ಭಾಷಾಶಾಸ್ತ್ರದ ವಿಷಯವೆಂದು ಪರಿಗಣಿಸಬೇಕಾಗಿದೆ.

2. ಪೂರ್ವಪರಂಪರೆ

ವಸ್ತುವನ್ನು ಕಾಣದ ಓದುಗನಿಗೆ ಅದನ್ನು ಮಾತಿನಿಂದ ಗುರುತಿಸಿಕೊಡುವ ಸಮಸ್ಯೆ ಹೊಸದಲ್ಲ. ನ್ಯಾಯಶಾಸ್ತ್ರವು ಲಕ್ಷಣಕ್ಕೆ ಮೂರು ದೋಷಗಳನ್ನು ಹೇಳಿದೆ: ಲಕ್ಷ್ಯದ ಒಂದು ಭಾಗವನ್ನು ಬಿಡುವ ಅವ್ಯಾಪ್ತಿ, ಅಲಕ್ಷ್ಯವನ್ನೂ ಒಳಗೊಳ್ಳುವ ಅತಿವ್ಯಾಪ್ತಿ, ಲಕ್ಷ್ಯದಲ್ಲಿ ಎಲ್ಲಿಯೂ ಇಲ್ಲದುದನ್ನು ಹೇಳುವ ಅಸಂಭವ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವು ಸೂತ್ರ, ವೃತ್ತಿ, ಪ್ರಯೋಗ ಎಂಬ ವಿನ್ಯಾಸವನ್ನು ಅನುಸರಿಸುತ್ತದೆ. ನಿಯಮ, ವಿವರಣೆ, ಉದಾಹರಣೆ ಎಂಬ ಇದೇ ಕ್ರಮವನ್ನು ಇಂದಿನ ಉತ್ತಮ ಸಾಧನವಿವರಣೆಗಳಲ್ಲಿಯೂ ಕಾಣಬಹುದು.

1894ರ ಕಿಟ್ಟೆಲ್ ನಿಘಂಟು ಕನ್ನಡದ ವಸ್ತುಗಳನ್ನು ಇಂಗ್ಲಿಷಿನಲ್ಲಿ, ಅವುಗಳನ್ನು ಬಳಸಿ ಅರಿಯದ ಓದುಗರಿಗೂ ತಿಳಿಯುವಂತೆ ನಿರೂಪಿಸಬೇಕಾಯಿತು. ನೆರೆಯ ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು 1962ರಲ್ಲಿ ಹೊರತಂದ ವ್ಯವಸಾಯ ಪದಕೋಶವು ವೃತ್ತಿಪದಗಳನ್ನು ಪ್ರದೇಶವಾರು ಬಳಕೆಯೊಡನೆ ದಾಖಲಿಸಿತು. ಆದರೆ ನಿಘಂಟಿನ ಓದುಗನು ಸಂದೇಹ ಬಂದಾಗ ಬಲ್ಲವರನ್ನು ಕೇಳಬಲ್ಲನು. ಏಜೆಂಟು ಹಾಗೆ ಕೇಳದೆ, ತನಗೆ ಹೊಂದುವಂತೆ ಕಂಡ ಸಾಧನವನ್ನು ಕರೆದು ಮುಂದೆ ಸಾಗಿಬಿಡಬಹುದು.

3. ‘ಕೊಬ್ಬರಿ’: ಒಂದು ಪದ, ಹಲವು ಸರಕು

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ವಿಶೇಷಣವಿಲ್ಲದೆ ‘ಕೊಬ್ಬರಿ’ ಎಂದರೆ ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಸುಲಿಯದೆ ಹಲವು ತಿಂಗಳು ಅಟ್ಟದ ಮೇಲೆ ಇರಿಸುತ್ತಾರೆ. ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಡುತ್ತದೆ. ಕಾಯಿಯನ್ನು ಕುಲುಕಿದರೆ ಸದ್ದಾಗುತ್ತದೆ. ಬಳಿಕ ಸಿಪ್ಪೆ ಸುಲಿದು, ಚಿಪ್ಪೊಡೆದು, ತಿರುಳನ್ನು ಇಡಿಯಾಗಿ ತೆಗೆಯುತ್ತಾರೆ. ಇದು ತಿನ್ನುವ ಕೊಬ್ಬರಿ. ಉತ್ತರ ಭಾರತದಲ್ಲಿ ಒಣಹಣ್ಣುಗಳ ಸಾಲಿನಲ್ಲಿ ಮಾರಾಟವಾಗುತ್ತದೆ. ಕೇರಳದಲ್ಲಿ ಹೆಚ್ಚಾಗಿ ಕಾಯಿಯನ್ನು ಹೋಳು ಮಾಡಿ ಒಣಗಿಸಿ ಎಣ್ಣೆಗೆ ಕಳುಹಿಸುತ್ತಾರೆ. ಇದು ಮಿಲ್ಲಿಂಗ್ ಕೊಬ್ಬರಿ. ಇಂಗ್ಲಿಷಿನ ‘ಕೋಪ್ರ’ ಪದವು ಮಲಯಾಳದ ‘ಕೊಪ್ಪರ’ದಿಂದ ಪೋರ್ಚುಗೀಸಿನ ಮೂಲಕ ಬಂದುದು, ಜಾಗತಿಕ ವ್ಯಾಪಾರದಲ್ಲಿ ಅದಕ್ಕೆ ಎಣ್ಣೆಯ ಕಚ್ಚಾವಸ್ತುವೆಂಬ ಅರ್ಥವೇ ಪ್ರಧಾನ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಹಸಿ ಕೊಬ್ಬರಿ’ ಎಂಬ ಪ್ರಯೋಗವೂ ಉಂಟು. ಅಲ್ಲಿ ಒಣಗಿರುವಿಕೆಯು ಪದದ ಅರ್ಥದೊಳಗೆ ಸೇರಿಲ್ಲ.

ಈ ಭೇದಕ್ಕೆ ಹಣದ ಪರಿಣಾಮವಿದೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರವು ಕ್ವಿಂಟಲ್ ಉಂಡೆ ಕೊಬ್ಬರಿಗೆ 12,100 ರೂಪಾಯಿ, ಮಿಲ್ಲಿಂಗ್ ಕೊಬ್ಬರಿಗೆ 11,582 ರೂಪಾಯಿ ಬೆಂಬಲ ಬೆಲೆ ನಿಗದಿಪಡಿಸಿತು. ಪದವೊಂದನ್ನು ತಪ್ಪಾಗಿ ಗ್ರಹಿಸಿದರೆ ಕ್ವಿಂಟಲಿಗೆ 518 ರೂಪಾಯಿಗಳ ಅಂತರ. ಬೆಂಬಲ ಬೆಲೆ ಮತ್ತು ಹರಾಜಿನ ಬೆಲೆಗಳ ನಡುವಣ ವ್ಯತ್ಯಾಸವು ಇದಕ್ಕಿಂತ ಬಹಳ ದೊಡ್ಡದಾಗಬಲ್ಲದು.

4. ವಿವರಣೆಯ ದೋಷ ಮತ್ತು ಪರಿಹಾರ

ತುರುವೇಕೆರೆಯ ಬೆಳೆಗಾರರೊಬ್ಬರು ಏಜೆಂಟನ್ನು “ಕೊಬ್ಬರಿ ಏನ್ ರೇಟು?” ಎಂದು ಕೇಳಿದರೆಂದು ಭಾವಿಸೋಣ. ಸಾಧನದ ವಿವರಣೆಯು ‘ಕೊಬ್ಬರಿ ಬೆಲೆಯನ್ನು ತಿಳಿಸುತ್ತದೆ’ ಎಂದಷ್ಟೇ ಇದ್ದರೆ ಅದು ಅತಿವ್ಯಾಪ್ತಿ. ಮಿಲ್ಲಿಂಗ್ ಕೊಬ್ಬರಿಯೂ ಬೆಂಬಲ ಬೆಲೆಯೂ ಅದರೊಳಗೆ ಬರುತ್ತವೆ. ‘ಎಣ್ಣೆ ತೆಗೆಯಲು ಒಣಗಿಸಿದ ತೆಂಗಿನ ತಿರುಳು’ ಎಂದು ಕೊಬ್ಬರಿಯನ್ನು ಲಕ್ಷಿಸಿದರೆ ತಿಪಟೂರಿನ ಸರಕೇ ಹೊರಗುಳಿದು ಅವ್ಯಾಪ್ತಿಯಾಗುತ್ತದೆ. ಹರಾಜಿನ ದಿನಗಳ ದತ್ತಾಂಶ ಮಾತ್ರವಿರುವ ಸಾಧನವು ‘ಈ ಕ್ಷಣದ ಬೆಲೆ’ ಕೊಡುತ್ತದೆಂದು ಬರೆದರೆ ಅಸಂಭವ. ಇವುಗಳಿಗೆ ಪರ್ಯಾಯವಾಗಿ ನಾವು ರಚಿಸಿದ ಮಾದರಿ ಹೀಗಿದೆ:

‘ತಿಪಟೂರು ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಕೊನೆಯ ಹರಾಜಿನ ದಿನ ಉಂಡೆ ಕೊಬ್ಬರಿಗೆ (ಇಡಿಯಾಗಿ ಒಣಗಿದ, ತಿನ್ನುವ ಕೊಬ್ಬರಿ) ದೊರೆತ ಕನಿಷ್ಠ ಮತ್ತು ಗರಿಷ್ಠ ಬೆಲೆಯನ್ನು ಕ್ವಿಂಟಲಿಗೆ ರೂಪಾಯಿಗಳಲ್ಲಿ, ಹರಾಜಿನ ದಿನಾಂಕದೊಡನೆ ಕೊಡುತ್ತದೆ. ತುಮಕೂರು ಜಿಲ್ಲೆಯ ಬೆಳೆಗಾರರು ಬರಿದೆ “ಕೊಬ್ಬರಿ” ಎಂದಾಗಲೂ ಇದನ್ನೇ ಬಳಸಿ. ಮಿಲ್ಲಿಂಗ್ ಕೊಬ್ಬರಿ, ತೆಂಗಿನಕಾಯಿ, ಬೆಂಬಲ ಬೆಲೆ ಇವುಗಳಿಗೆ ಬಳಸಬೇಡಿ.’

ಇಲ್ಲಿ ಕೊನೆಯ ವಾಕ್ಯವು ವ್ಯಾವೃತ್ತಿ. ಅದಕ್ಕೆ ಹಿಂದಿನದು ಪ್ರಾದೇಶಿಕ ಪ್ರಯೋಗ. ಬೆಲೆಯ ಮಾನ, ಸ್ಥಳ, ಕಾಲಗಳು ಮೊದಲ ವಾಕ್ಯದಲ್ಲಿಯೇ ನಿರ್ದಿಷ್ಟಗೊಂಡಿವೆ. ವಿವರಣೆಯನ್ನು ಇನ್ನೂ ಹಿಗ್ಗಿಸಬಹುದು. ಆದರೆ ಏಜೆಂಟು ಎಲ್ಲ ಸಾಧನಗಳ ವಿವರಣೆಗಳನ್ನೂ ಒಟ್ಟಿಗೆ ಓದುವುದರಿಂದ ವೈಯಾಕರಣರು ಮೆಚ್ಚುವ ಲಾಘವ ಇಲ್ಲಿಯೂ ಬೇಕು. ಗೊಂದಲಕ್ಕೆ ಎಡೆಗೊಡುವ ನೆರೆಯ ಸಾಧನ ಯಾವುದೋ ಅದನ್ನು ಹೊರಗಿಡುವ ಮಾತು ಇರಲಿ. ಉಳಿದ ನಿಷೇಧಗಳು ಅನಾವಶ್ಯಕ.

5. ಉಪಸಂಹಾರ

ಸಾಧನವಿವರಣೆಯ ಗುಣವನ್ನು ಬಿಡಿಯಾಗಿ ನಿರ್ಣಯಿಸಲಾಗದು. ಅದರೊಡನೆ ಇರುವ ಇತರ ವಿವರಣೆಗಳ ವ್ಯೂಹದಲ್ಲಿಟ್ಟು ಪರೀಕ್ಷಿಸಬೇಕು. ಪದದ ಮೌಲ್ಯವು ನೆರೆಪದಗಳೊಡನಿರುವ ಭೇದದಿಂದ ನಿಷ್ಪನ್ನವಾಗುತ್ತದೆಂಬ ಸಸ್ಯೂರನ ತತ್ತ್ವಕ್ಕೆ ಇದು ಸಮೀಪದ್ದು. ಕನ್ನಡದ ಸಂದರ್ಭದಲ್ಲಿ ಆ ಭೇದಗಳು ಹಲವೊಮ್ಮೆ ಶಿಷ್ಟಭಾಷೆಯ ನಿಘಂಟಿಗಿಂತ ಮಂಡಿಯಲ್ಲಿ, ಅಟ್ಟದ ಕೆಳಗೆ, ತಾಲ್ಲೂಕಿನ ಆಡುಮಾತಿನಲ್ಲಿ ದೊರೆಯುತ್ತವೆ. ವೃತ್ತಿಪದಗಳ ಕ್ಷೇತ್ರಕಾರ್ಯಕ್ಕೆ ಇದರಿಂದ ಹೊಸ ಪ್ರಯೋಜನವೊಂದು ಒದಗಿದೆ. ಪ್ರತಿ ಪದಕ್ಕೂ ಅರ್ಥದೊಡನೆ ಅದು ಯಾವ ಊರಿನಲ್ಲಿ ಏನನ್ನು ಸೂಚಿಸುವುದಿಲ್ಲ ಎಂಬುದನ್ನೂ ದಾಖಲಿಸುವ ಕೋಶಗಳನ್ನು ಸಂಶೋಧನ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕೆಂಬುದು ನಮ್ಮ ಸೂಚನೆ.