ಪುದುಚೇರಿಯ ಹಸ್ತಾಂತರ: ಎರಡು ಹಂತಗಳ ಒಪ್ಪಂದ

1947ರಲ್ಲಿ ಬ್ರಿಟಿಷರು ಭಾರತವನ್ನು ತೊರೆದ ಮೇಲೂ ಪುದುಚೇರಿ, ಕಾರೈಕಾಲ್, ಮಾಹೆ, ಯಾನಂ ಹಾಗೂ ಚಂದ್ರನಗರಗಳು ಫ್ರಾನ್ಸಿನ ಅಧೀನದಲ್ಲಿಯೇ ಉಳಿದಿದ್ದವು. ಇವುಗಳ ಭವಿಷ್ಯವನ್ನು ಅಲ್ಲಿಯ ಜನರೇ ನಿರ್ಧರಿಸಬೇಕೆಂದು ಉಭಯ ಸರ್ಕಾರಗಳು 1948ರ ಜೂನ್‌ನಲ್ಲಿ ಒಪ್ಪಿಕೊಂಡವು. ನಿವಾಸಿಗಳ ಸಮ್ಮತಿಯಿಲ್ಲದೆ ಭೂಭಾಗವನ್ನು ಬಿಟ್ಟುಕೊಡಲಾಗದೆಂದು ಫ್ರಾನ್ಸಿನ 1946ರ ಸಂವಿಧಾನವೇ ವಿಧಿಸಿತ್ತು. ಚಂದ್ರನಗರದ ಜನತೆ 1949ರ ಜನಮತಗಣನೆಯಲ್ಲಿ ಭಾರತವನ್ನು ಅಗಾಧ ಬಹುಮತದಿಂದ ಆರಿಸಿಕೊಂಡಿತು. ಉಳಿದ ನಾಲ್ಕು ನೆಲೆಗಳಲ್ಲಿ ಮತದಾನದ ಸ್ವರೂಪದ ಬಗೆಗೇ ವಿವಾದವೆದ್ದು, ಮಾತುಕತೆ ವರ್ಷಗಟ್ಟಲೆ ಸ್ಥಗಿತಗೊಂಡಿತು.

1954ರಲ್ಲಿ ವಿಲೀನ ಚಳವಳಿ ತೀವ್ರವಾಯಿತು; ಯಾನಂ ಮತ್ತು ಮಾಹೆಗಳು ಫ್ರೆಂಚರ ಕೈತಪ್ಪಿದವು. ಇಂಡೋಚೀನಾದ ಸೋಲಿನ ತರುವಾಯ ಅಧಿಕಾರಕ್ಕೆ ಬಂದ ಪ್ರಧಾನಿ ಮೆಂಡೆಸ್ ಫ್ರಾನ್ಸ್ ಸಂಧಾನಕ್ಕೆ ಒಲವು ತೋರಿದರು. ಆಗ ಕಂಡುಕೊಂಡ ಮಾರ್ಗವೆಂದರೆ ಚುನಾಯಿತ ಪ್ರತಿನಿಧಿಗಳ ಮತದಾನ. ಅಕ್ಟೋಬರ್ 18ರಂದು ಕೀಳೂರಿನಲ್ಲಿ ಸೇರಿದ 178 ಪ್ರತಿನಿಧಿಗಳಲ್ಲಿ 170 ಮಂದಿ ವಿಲೀನದ ಪರವಾಗಿಯೂ 8 ಮಂದಿ ವಿರುದ್ಧವಾಗಿಯೂ ಮತವಿತ್ತರು. ನವೆಂಬರ್ 1ರಂದು ಆಡಳಿತ ಭಾರತದ ವಶವಾಯಿತು. ಅದೇ ದಿನ ಅಲ್ಜೀರಿಯಾದಲ್ಲಿ ಫ್ರಾನ್ಸಿನ ವಿರುದ್ಧ ಸಶಸ್ತ್ರ ದಂಗೆ ಆರಂಭವಾಯಿತು.

ಸಾರ್ವಭೌಮತ್ವದ ವರ್ಗಾವಣೆಯ ಒಪ್ಪಂದಕ್ಕೆ 1956ರ ಮೇ 28ರಂದು ಸಹಿ ಬಿದ್ದರೂ ಫ್ರೆಂಚ್ ಸಂಸತ್ತು ಅದನ್ನು ಅನುಮೋದಿಸಿದ್ದು ಅಲ್ಜೀರಿಯಾ ಸ್ವತಂತ್ರವಾದ 1962ರಲ್ಲಿ. ಆ ವರ್ಷದ ಆಗಸ್ಟ್ 16ರಂದು ಅನುಮೋದನಾ ಪತ್ರಗಳ ವಿನಿಮಯ ನಡೆಯಿತು. ಅಲ್ಲಿಯವರೆಗೆ ಅದೇ ನೆಲ ಆಡಳಿತದ ದೃಷ್ಟಿಯಿಂದ ಭಾರತದ್ದು, ಕಾನೂನಿನ ದೃಷ್ಟಿಯಿಂದ ಫ್ರಾನ್ಸಿನದು. ಜೈನ ನ್ಯಾಯದ ನಯಭೇದವನ್ನು ಬಲ್ಲವರಿಗೆ ಈ ಸ್ಥಿತಿ ವಿಚಿತ್ರವೆನಿಸದು.

ಒಪ್ಪಂದದ ವಿಧಿಗಳಲ್ಲಿ ದೂರದೃಷ್ಟಿಯಿದೆ. ಜನಪ್ರತಿನಿಧಿಗಳು ಬೇರೆ ರೀತಿ ತೀರ್ಮಾನಿಸುವವರೆಗೆ ಫ್ರೆಂಚ್ ಅಧಿಕೃತ ಭಾಷೆಯಾಗಿ ಮುಂದುವರಿಯಬೇಕು. ಆಡಳಿತ ಸ್ವರೂಪದ ಬದಲಾವಣೆಗೆ ಮುನ್ನ ಜನಾಭಿಪ್ರಾಯ ಪಡೆಯಬೇಕು. ಅಲ್ಲಿಯ ಮೂಲನಿವಾಸಿಗಳು ಆರು ತಿಂಗಳೊಳಗೆ ಲಿಖಿತ ಘೋಷಣೆಯಿಂದ ಫ್ರೆಂಚ್ ಪೌರತ್ವವನ್ನು ಉಳಿಸಿಕೊಳ್ಳಬಹುದು. ಪುದುಚೇರಿ ನೆರೆಯ ರಾಜ್ಯದೊಳಗೆ ಕರಗದೆ ಪ್ರತ್ಯೇಕ ಕೇಂದ್ರಾಡಳಿತ ಪ್ರದೇಶವಾಗಿ ಉಳಿದುದರ ಹಿಂದೆ ಈ ಭರವಸೆಗಳಿವೆ.

ಆದರೆ ಲೋಪವನ್ನು ಮರೆಮಾಚಲಾಗದು. ಜನರೇ ನಿರ್ಧರಿಸಬೇಕೆಂಬ ವಚನ ಕೊನೆಗೆ 178 ಮತಗಳಿಗೆ ಇಳಿಯಿತು. ಸಾಮಾನ್ಯ ಪ್ರಜೆಯ ಕೈಗೆ ಮತಪತ್ರ ಬರಲಿಲ್ಲ. ಇತ್ತ ಕಾರವಾರದ ಗಡಿಗೆ ಹೊಂದಿಕೊಂಡ ಗೋವೆಯಲ್ಲಿ ಪೋರ್ಚುಗಲ್ ಹಸ್ತಾಂತರದ ಮಾತುಕತೆಗೇ ಒಪ್ಪದೆ, 1961ರ ಡಿಸೆಂಬರ್‌ನಲ್ಲಿ ಸೇನೆ ನುಗ್ಗಬೇಕಾಯಿತು. ಪುದುಚೇರಿಯ ಒಪ್ಪಂದ ಅಪೂರ್ಣವಾಗಿದ್ದರೂ ರಕ್ತಪಾತದ ಯುದ್ಧವೊಂದನ್ನು ತಪ್ಪಿಸಿತೆಂಬುದೇ ಅದರ ಹಿರಿಮೆ.