ಚೆಂಡನ್ನು ಬಿಟ್ಟುಕೊಡುವ ಪಾಠ

ಫುಟ್‌ಬಾಲ್ ಕಲಿಯಲು ಬಂದ ಎಂಟು ವರ್ಷದ ಮಗುವಿಗೆ ಚೆಂಡು ಸಿಕ್ಕಿದರೆ ಅದು ತಲೆ ತಗ್ಗಿಸಿಕೊಂಡು ಓಡತೊಡಗುತ್ತದೆ. ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಹೇಳಿಕೊಡಬೇಕಾದದ್ದು ತಲೆಯೆತ್ತಿ ಜೊತೆಗಾರ ಎಲ್ಲಿದ್ದಾನೆಂದು ನೋಡುವುದನ್ನು, ಕಾಲಿಗೆ ಬಂದ ಚೆಂಡನ್ನು ಅವನಿಗೆ ಬಿಟ್ಟುಕೊಡುವುದನ್ನು. ಈ ಆಟವೂ ತನ್ನ ಬಾಲ್ಯದಲ್ಲಿ ಆ ಮಗುವಿನ ಹಾಗೆಯೇ ಇತ್ತು.

1863ರಲ್ಲಿ ಲಂಡನ್ನಿನ ಫುಟ್‌ಬಾಲ್ ಅಸೋಸಿಯೇಷನ್ ಬರೆದ ಮೊದಲ ನಿಯಮಗಳಂತೆ, ಚೆಂಡಿಗಿಂತ ಮುಂದೆ ನಿಂತ ಜೊತೆಗಾರ ಆಫ್‌ಸೈಡ್. ಹಾಗಾಗಿ ಮುಂದಕ್ಕೆ ಪಾಸ್ ಕೊಡುವ ಮಾತೇ ಇರಲಿಲ್ಲ. ಒಬ್ಬ ಚೆಂಡು ಹಿಡಿದು ನುಗ್ಗುವುದು, ಉಳಿದವರು ಅವನ ಬೆನ್ನಿಗೆ ಓಡುವುದು, ಇಷ್ಟೇ ಆಟ. 1866ರಲ್ಲಿ ನಿಯಮ ಸಡಿಲವಾಯಿತು. ಆದರೆ ಅಭ್ಯಾಸ ಅಷ್ಟು ಬೇಗ ಬದಲಾಗಲಿಲ್ಲ. 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವೆ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆದಾಗ ಇಂಗ್ಲಿಷರ ಬಲವೆಲ್ಲ ಡ್ರಿಬಲ್‌ನಲ್ಲೇ ಇತ್ತು. ಸ್ಕಾಟಿಷ್ ತಂಡದ ಎಲ್ಲರೂ ಕ್ವೀನ್ಸ್ ಪಾರ್ಕ್ ಎಂಬ ಒಂದೇ ಕ್ಲಬ್ಬಿನವರು, ಒಟ್ಟಿಗೆ ಆಡಿ ಪಳಗಿದವರು. ಪಂದ್ಯ 0-0. ಆದರೂ ಮುಂದಿನ ವರ್ಷಗಳಲ್ಲಿ ಸ್ಕಾಟರ ಪಾಸಿಂಗ್ ಆಟ ಇಂಗ್ಲೆಂಡಿನ ಕ್ಲಬ್ಬುಗಳಿಗೂ ಹಬ್ಬಿತು.

ಇತಿಹಾಸದ ಸಂಶೋಧನಾ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವ ಪ್ರಶ್ನೆ ಒಂದಿದೆ. ಗೋಲು ದಾಖಲೆಯಲ್ಲಿ ಉಳಿಯುತ್ತದೆ; ಗೋಲು ಹೊಡೆಯಲು ಕಲಿಸಿದ ಸಂಜೆಗಳು ಎಲ್ಲಿ ಉಳಿಯುತ್ತವೆ? ಬರುವ ಚೆಂಡನ್ನು ಮೊದಲ ಸ್ಪರ್ಶದಲ್ಲೇ ಹದಕ್ಕೆ ತರುವುದು, ಊರಿದ ಕಾಲಿನ ತುದಿಯನ್ನು ಗುರಿಯ ಕಡೆ ತಿರುಗಿಸುವುದು, ಪಾದದ ಒಳಬದಿಯಿಂದ ನೆಲಮಟ್ಟದಲ್ಲಿ ತಳ್ಳುವುದು. ಇವು ಮೈಯಿಂದ ಮೈಗೆ ದಾಟುವ ವಿದ್ಯೆಗಳು. ಸಂಗೀತದ ಮನೆತನಗಳಂತೆ ಇವುಗಳಿಗೂ ಗುರುಪರಂಪರೆಯಿದೆ. ಆ ಪರಂಪರೆಯ ಒಂದು ಎಳೆಯನ್ನು ಹಿಡಿದು ಹೋದರೆ ಜಿಮ್ಮಿ ಹೋಗನ್ ಸಿಗುತ್ತಾನೆ.

1882ರಲ್ಲಿ ಲ್ಯಾಂಕಶೈರಿನ ನೆಲ್ಸನ್ ಊರಿನಲ್ಲಿ ಹುಟ್ಟಿದ ಹೋಗನ್ ದೊಡ್ಡ ಆಟಗಾರನೇನಲ್ಲ. ಬರ್ನ್‌ಲಿಯಲ್ಲಿ ಆಡುತ್ತಿದ್ದಾಗ ಒಮ್ಮೆ ಗೋಲು ತಪ್ಪಿತು. ತನ್ನ ಕಾಲು ಇಟ್ಟದ್ದು ತಪ್ಪೋ, ಮೈ ವಾಲಿದ್ದು ತಪ್ಪೋ ಎಂದು ಮ್ಯಾನೇಜರನ್ನು ಕೇಳಿದ. ಹೊಡೆಯುತ್ತಾ ಇರು, ಹತ್ತರಲ್ಲಿ ಒಂದು ಒಳಗೆ ಹೋದರೆ ಸಾಕು ಎಂಬರ್ಥದ ಉತ್ತರ ಬಂತಂತೆ. ಉತ್ತರ ಸಿಗದ ಆ ಪ್ರಶ್ನೆಯೇ ಅವನನ್ನು ಮೇಷ್ಟ್ರನ್ನಾಗಿ ಮಾಡಿತು ಎನ್ನಬಹುದು. ಹಾಲೆಂಡಿನಲ್ಲಿ ಸ್ವಲ್ಪ ಕಾಲ ಕಲಿಸಿದ ಮೇಲೆ 1912ರಲ್ಲಿ ಹ್ಯೂಗೋ ಮೈಸ್ಲ್ ಅವನನ್ನು ವಿಯೆನ್ನಾಕ್ಕೆ ಕರೆಸಿಕೊಂಡ.

1914ರಲ್ಲಿ ಯುದ್ಧ ಶುರುವಾಯಿತು. ಆಸ್ಟ್ರಿಯಾದಲ್ಲಿದ್ದ ಇಂಗ್ಲಿಷ್ ಮೇಷ್ಟ್ರು ರಾತ್ರೋರಾತ್ರಿ ಶತ್ರುದೇಶದ ಪ್ರಜೆಯಾದ, ಬಂಧನಕ್ಕೊಳಗಾದ. ಕೊನೆಗೆ ಬುಡಾಪೆಸ್ಟಿನ ಎಂಟಿಕೆ ಕ್ಲಬ್ಬಿನವರು ಅವನನ್ನು ತಮ್ಮಲ್ಲಿಗೆ ಕರೆಸಿಕೊಂಡರು. ದೊಡ್ಡ ಆಟಗಾರರು ಅನೇಕರು ಸೈನ್ಯದಲ್ಲಿದ್ದರು. ಹೋಗನ್ ಹುಡುಗರನ್ನು ಹುಡುಕಿದ. ಪಾರ್ಕೊಂದರಲ್ಲಿ ಚೆಂಡಾಡುತ್ತಿದ್ದ ಗ್ಯೋರ್ಗಿ ಓರ್ತ್ ಮತ್ತು ಯೋಜೆಫ್ ಬ್ರೌನ್ ಕಣ್ಣಿಗೆ ಬಿದ್ದರು. ಇಬ್ಬರೂ 1901ರಲ್ಲಿ ಹುಟ್ಟಿದವರು, ಇನ್ನೂ ಶಾಲೆಗೆ ಹೋಗುತ್ತಿದ್ದವರು. ಶಾಲೆ ಬಿಟ್ಟ ಮೇಲೆ ದಿನವೂ ಅವರಿಗೆ ಪಾಠ. ಬರೀ ಓಡಿಸಿ ದಣಿಸುವ ತಾಲೀಮನ್ನು ಹೋಗನ್ ನಂಬುತ್ತಿರಲಿಲ್ಲ. ಚೆಂಡು ಕಾಲಲ್ಲಿರಬೇಕು, ನೆಲದ ಮೇಲಿರಬೇಕು, ಮೇಷ್ಟ್ರು ತಾನೇ ಮಾಡಿ ತೋರಿಸಬೇಕು ಎಂಬುದು ಅವನ ಕ್ರಮ.

ಯುದ್ಧ ಮುಗಿದು ಊರಿಗೆ ಮರಳಿದಾಗ ಹೋಗನ್ ಕೈಯಲ್ಲಿ ಕಾಸಿರಲಿಲ್ಲ. ಯುದ್ಧದಿಂದ ನೊಂದ ಆಟಗಾರರಿಗೆ ಸಹಾಯಧನವಿದೆಯೆಂದು ಕೇಳಿ ಫುಟ್‌ಬಾಲ್ ಅಸೋಸಿಯೇಷನ್ ಬಾಗಿಲಿಗೆ ಹೋದ. ಸಿಕ್ಕಿದ್ದು ಸೈನಿಕರಿಗೆಂದು ಹೆಣೆದ ಮೂರು ಜೊತೆ ಖಾಕಿ ಕಾಲುಚೀಲ ಎಂದು ಅವನ ಕಥೆ ಹೇಳುವವರೆಲ್ಲ ಬರೆಯುತ್ತಾರೆ. ಶತ್ರುವಿನ ಮಕ್ಕಳಿಗೆ ಆಟ ಕಲಿಸಿದವನಿಗೆ ಊರಿನಲ್ಲಿ ಅಷ್ಟೇ ಬೆಲೆ.

ಆ ಮಕ್ಕಳು ಏನಾದರು? ಓರ್ತ್ ಯಾವ ಜಾಗದಲ್ಲಿ ನಿಲ್ಲಿಸಿದರೂ ಆಡಬಲ್ಲ ಆಟಗಾರನಾದ, ಮುಂದೆ ತಾನೂ ಮೇಷ್ಟ್ರಾದ. 1930ರ ಮೊದಲ ವಿಶ್ವಕಪ್‌ನಲ್ಲಿ ಚಿಲಿ ತಂಡದ ಕೋಚ್ ಅವನೇ. ಯಹೂದಿಯಾಗಿದ್ದ ಬ್ರೌನ್ ಹಂಗೆರಿಯ ಪರ ಆಡಿ ಹೆಸರು ಮಾಡಿದ. 1943ರಲ್ಲಿ ಬಲವಂತದ ದುಡಿಮೆಗೆ ಹಾಕಲ್ಪಟ್ಟು ಸತ್ತ. ವಿದ್ಯೆ ದಾಟಿಸುವ ಕೈಗಳನ್ನು ಇತಿಹಾಸ ಹೀಗೂ ಕತ್ತರಿಸುತ್ತದೆ. ಪರಂಪರೆ ಎಂಬ ಪದವನ್ನು ನಾವು ಸಲೀಸಾಗಿ ಬಳಸುವಾಗ ಇದು ನೆನಪಿರಬೇಕು.

1953ರ ನವೆಂಬರ್ 25ರಂದು ವೆಂಬ್ಲಿಯಲ್ಲಿ ಹಂಗೆರಿ ಇಂಗ್ಲೆಂಡನ್ನು 6-3ರಿಂದ ಸೋಲಿಸಿತು. ಯುರೋಪ್ ಖಂಡದ ತಂಡವೊಂದು ಇಂಗ್ಲೆಂಡನ್ನು ಅದರ ನೆಲದಲ್ಲೇ ಸೋಲಿಸಿದ್ದು ಅದೇ ಮೊದಲು. ಮೂರು ಗೋಲು ಹೊಡೆದ ಹಿಡೆಗ್ಕುಟಿ ಎಂಟಿಕೆ ಕ್ಲಬ್ಬಿನವನು. ಹೋಗನ್ ಕಲಿಸಿ ಹೋದ ಎಷ್ಟೋ ವರ್ಷಗಳ ಮೇಲೆ ಅಲ್ಲಿ ಆಡಿದವನು. ಪಂದ್ಯದ ನಂತರ ಹಂಗೆರಿಯ ಫುಟ್‌ಬಾಲ್ ಅಧ್ಯಕ್ಷ ಶಾಂದೋರ್ ಬಾರ್ಚ್, ತಮಗೆ ಆಟ ಕಲಿಸಿದ್ದು ಜಿಮ್ಮಿ ಹೋಗನ್ ಎಂದ. ಇಂಗ್ಲೆಂಡಿನಲ್ಲಿ ಆ ಹೆಸರನ್ನು ಹಲವರು ಮರೆತೇ ಬಿಟ್ಟಿದ್ದರು.

ಅಂದು ಹೋಗನ್ ಕೂಡ ವೆಂಬ್ಲಿಯಲ್ಲಿದ್ದ. ವಯಸ್ಸು 71. ಸನ್ಮಾನಕ್ಕೆ ಯಾರೂ ಕರೆದಿರಲಿಲ್ಲ. ತಾನು ತರಬೇತಿ ಕೊಡುತ್ತಿದ್ದ ಆಸ್ಟನ್ ವಿಲ್ಲಾ ಕ್ಲಬ್ಬಿನ ಹುಡುಗರನ್ನು ಪಂದ್ಯ ತೋರಿಸಲು ಕರೆತಂದಿದ್ದ. ತನ್ನ ದೇಶ ಸೋಲುತ್ತಿದ್ದರೆ ತನ್ನ ಪಾಠ ಗೆಲ್ಲುತ್ತಿತ್ತು. ಪಕ್ಕದಲ್ಲಿ ಕೂತ ಹುಡುಗರಿಗೆ ಅಂದು ಆತ ಏನು ಹೇಳಿದನೋ ತಿಳಿಯುವ ಆಸೆ ನನಗೆ. ಹೆಚ್ಚೇನೂ ಹೇಳಬೇಕಾಗಿರಲಿಲ್ಲ. ಹಂಗೆರಿಯವರು ಚೆಂಡನ್ನು ಒಬ್ಬರಿಂದೊಬ್ಬರಿಗೆ ಬಿಟ್ಟುಕೊಡುತ್ತಿದ್ದ ರೀತಿ ಕಣ್ಣೆದುರೇ ಇತ್ತು.