ಅಜ್ಜಿ ಮೋಸಸ್: ಮುಪ್ಪಿನಲ್ಲಿ ಮೊದಲಾದ ಕಲೆ

ಕಲಾಭ್ಯಾಸಕ್ಕೆ ಎಳವೆಯೇ ತಕ್ಕ ಕಾಲವೆಂಬುದು ಲೋಕದ ಸಾಮಾನ್ಯ ನಂಬಿಕೆ. ಇದಕ್ಕೆ ಬಲವಾದ ಅಪವಾದವಾಗಿ ನಿಲ್ಲುವವಳು ಅಮೇರಿಕೆಯ ಆನ್ನಾ ಮೇರಿ ರಾಬರ್ಟ್‌ಸನ್ ಮೋಸಸ್. ಅಜ್ಜಿ ಮೋಸಸ್ ಎಂದೇ ಆಕೆ ಪ್ರಸಿದ್ಧಳು.

1860ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಒಕ್ಕಲು ಮನೆತನವೊಂದರಲ್ಲಿ ಹುಟ್ಟಿದ ಈಕೆ 12ನೆಯ ವಯಸ್ಸಿಗೇ ಅನ್ಯರ ಮನೆಗೆಲಸಕ್ಕೆ ಸೇರಿದಳು. 1887ರಲ್ಲಿ ಮದುವೆಯಾಗಿ ಗಂಡನೊಡನೆ ದೂರದ ವರ್ಜೀನಿಯಾಕ್ಕೆ ತೆರಳಿದಳು. ಅಲ್ಲಿ ಹೆತ್ತ ಹತ್ತು ಮಕ್ಕಳಲ್ಲಿ ಐವರನ್ನು ಶೆನಂಡೋವಾ ಕಣಿವೆಯ ಮಣ್ಣಿಗೆ ಒಪ್ಪಿಸಿ, 1905ರಲ್ಲಿ ಹುಟ್ಟುನಾಡಿಗೆ ಮರಳಿ ಈಗಲ್ ಬ್ರಿಜ್‌ನಲ್ಲಿ ನೆಲೆಸಿದಳು. 1927ರಲ್ಲಿ ಪತಿಯೂ ತೀರಿಕೊಂಡನು. ಮುಂದೆ ಕಸೂತಿಯಲ್ಲಿ ಚಿತ್ರಗಳನ್ನು ರಚಿಸುತ್ತಿದ್ದ ಆಕೆಗೆ, ಸಂಧಿವಾತದಿಂದ ಸೂಜಿ ಹಿಡಿಯುವುದು ಕಷ್ಟವಾಯಿತು. 75 ವರ್ಷ ದಾಟಿದ ಮೇಲೆ ಕುಂಚವನ್ನು ಕೈಗೆ ತೆಗೆದುಕೊಂಡಳು. ಗುರುವಿಲ್ಲ, ಶಾಲೆಯಿಲ್ಲ.

ಊರ ಸುತ್ತಿನ ಕೃಷಿಮೇಳದಲ್ಲಿ ಆಕೆಯ ಹಣ್ಣಿನ ಪಾಕಗಳಿಗೆ ಬಹುಮಾನ ಬಂದಿತೇ ಹೊರತು ಚಿತ್ರಗಳಿಗೆ ಬರಲಿಲ್ಲ. 1938ರಲ್ಲಿ ಹೂಸಿಕ್ ಫಾಲ್ಸ್ ಎಂಬ ಊರಿನ ಔಷಧದಂಗಡಿಯ ಕಿಟಕಿಯಲ್ಲಿದ್ದ ಚಿತ್ರಗಳನ್ನು ಲೂಯಿ ಕಾಲ್ಡರ್ ಎಂಬ ಸಂಗ್ರಾಹಕನು ಕಂಡು ಕೊಂಡನು. ಬೆಲೆ ಅಳತೆಗೆ ತಕ್ಕಂತೆ ಮೂರು ಇಲ್ಲವೆ ಐದು ಡಾಲರು. 1939ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಆಕೆಯ ಮೂರು ಚಿತ್ರಗಳನ್ನು ಪ್ರದರ್ಶಿಸಿತು. 1940ರಲ್ಲಿ ಆಟೋ ಕಾಲಿರ್ ಆಕೆಯ ಚಿತ್ರಗಳದ್ದೇ ಪ್ರತ್ಯೇಕ ಪ್ರದರ್ಶನವನ್ನು ಏರ್ಪಡಿಸಿದನು.

ವಿಮರ್ಶಕರು ಹಲವರು ಈ ಕಲೆಯನ್ನು ಮುಗ್ಧವೆಂದು ಕರೆದಿದ್ದಾರೆ. ಈ ಮಾತು ಪರೀಕ್ಷಾರ್ಹವಾದುದು. ಮೇಪಲ್ ಮರದ ರಸವನ್ನು ಕಾಯಿಸುವುದು, ಮೇಣದ ಬತ್ತಿ ಎರೆಯುವುದು, ಕುರಿ ತೊಳೆಯುವುದು ಇವೆಲ್ಲ ಆಕೆಯ ವಸ್ತುಗಳು. ಹಲಗೆಗೆ ಬಿಳಿಯ ಬಣ್ಣ ಬಳಿದು, ಮೊದಲು ಆಕಾಶ, ಬಳಿಕ ಬೆಟ್ಟ, ಕಡೆಗೆ ಮನೆ, ದನ, ಜನ, ಹೀಗೆ ಮೇಲಿನಿಂದ ಕೆಳಕ್ಕೆ ಚಿತ್ರಿಸುತ್ತಿದ್ದಳು. ಪತ್ರಿಕೆಗಳಿಂದ ಕತ್ತರಿಸಿಟ್ಟ ಚಿತ್ರಗಳನ್ನು ಆಕೃತಿಗಳಿಗೆ ಮಾದರಿಯಾಗಿ ಬಳಸುತ್ತಿದ್ದಳು. ಟೆಲಿಫೋನ್ ಕಂಬವನ್ನೂ ಟ್ರಾಕ್ಟರನ್ನೂ ಬುದ್ಧಿಪೂರ್ವಕವಾಗಿ ಬಿಟ್ಟಳು. ಇಂಥ ಆಯ್ಕೆ ಮುಗ್ಧತೆಯಿಂದ ಬರುವುದಲ್ಲ, ವಿವೇಚನೆಯಿಂದ ಬರುವುದು.

ಆದುದರಿಂದಲೇ ಇತಿಹಾಸಕಾರನು ಈ ಚಿತ್ರಗಳನ್ನು ಎಚ್ಚರದಿಂದ ಓದಬೇಕು. ಹಳೆಯ ಒಕ್ಕಲು ಜೀವನದ ಕೆಲಸಗಳಿಗೆ ಅವು ಒಳ್ಳೆಯ ಸಾಕ್ಷಿ. ಆ ಜೀವನದ ದುಃಖಕ್ಕೆ ಅಲ್ಲ. ಕಣಿವೆಯ ಐದು ಗೋರಿಗಳ ಮಾತು 1952ರ ಆಕೆಯ ಆತ್ಮಕಥೆಯಲ್ಲಿ ಬರುತ್ತದೆ. ಚಿತ್ರವನ್ನೂ ಬರಹವನ್ನೂ ಜೊತೆಗಿಟ್ಟಾಗಲೇ ಬಾಳಿನ ಲೆಕ್ಕ ಸರಿಹೊಂದುತ್ತದೆ.

1961ರ ಡಿಸೆಂಬರ್ 13ರಂದು, 101ನೆಯ ವಯಸ್ಸಿನಲ್ಲಿ, 1500ಕ್ಕೂ ಮಿಕ್ಕ ಚಿತ್ರಗಳನ್ನು ಬಿಟ್ಟು ಆಕೆ ತೀರಿಕೊಂಡಳು. 1943ರ ಒಂದು ಚಿತ್ರವು 2006ರಲ್ಲಿ ಹತ್ತು ಲಕ್ಷ ಡಾಲರಿಗೂ ಮಿಕ್ಕ ಬೆಲೆಗೆ ಮಾರಾಟವಾಯಿತು. ಮೇಪಲ್ ರಸವನ್ನು ಕಾಯಿಸುವುದೇ ಅದರ ವಸ್ತು.